ಎರಡು ತಾಸು ಹತ್ತು ನಿಮಿಷದ ದಾರಿ

ನಮ್ಮ ಮನೆಯ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕಕ್ಕೆ, ಎಣ್ಣೆ ಕುಡಿದು ಕಪ್ಪಾದ ಹಲಗೆಯ ಮೇಲೆ ಹೋದ ತಿಂಗಳು ಹತ್ತು ದಿನ ಒಂದು ಕಾಗದವನ್ನು ಮಡಚಿ ಇಟ್ಟಿದ್ದೆ. ಅದು ಜಾತಕವಲ್ಲ, ಹರಕೆಯ ಚೀಟಿಯೂ ಅಲ್ಲ; ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ವಿಮಾನದ ಟಿಕೇಟು. ತಂಗಿಯ ಗಂಡ ಮಂಜುನಾಥ ಅಲ್ಲಿಂದಲೇ ಫೋನಿಗೆ ಕಳಿಸಿದ್ದನ್ನು ನಮ್ಮವರು ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಾಗದಕ್ಕೆ ಇಳಿಸಿ ತಂದಿದ್ದರು. ದಿನಾ ಬೆಳಿಗ್ಗೆ ಸ್ವಾಮಿಗೆ ಏರಿಸುವ ಹೂಗಳಲ್ಲಿ ಒಂದನ್ನು ಅದರ ಮೇಲೂ ಇಟ್ಟು, ಕುಂಕುಮದ ಕೈಯಿಂದಲೇ ತೆರೆದು ಒಂದು ಸಲ ಓದಿ ಮತ್ತೆ ಮಡಚುತ್ತಿದ್ದೆ. ಅದರಲ್ಲಿ ಓದುವುದಕ್ಕೆ ಬಹಳವೇನೂ ಇರಲಿಲ್ಲ. ನನ್ನ ಹೆಸರು, ನನ್ನ ವಯಸ್ಸು, ಕೆಳಗೆ ಪ್ರಯಾಣದ ಅವಧಿ ಎರಡು ತಾಸು ಹತ್ತು ನಿಮಿಷ ಎಂಬ ಸಾಲು. ಆ ಸಾಲೇ ನನ್ನನ್ನು ಹಿಡಿದು ಕೂರಿಸುತ್ತಿತ್ತು. ಎರಡು ತಾಸು ಸರಿ, ಅದಕ್ಕೆ ಜೋತುಬಿದ್ದ ಆ ಹತ್ತು ನಿಮಿಷವನ್ನು ಅಷ್ಟು ಖಚಿತವಾಗಿ ಬರೆಯುವ ಧೈರ್ಯ ಯಾರಿಗೆ ಬಂದೀತು ಎಂದು ನನಗೆ ಸೋಜಿಗ.

ನನ್ನ ಸೋಜಿಗಕ್ಕೆ ಕಾರಣವಿದೆ. ನಾನು ಬಸ್ ಕಂಡಕ್ಟರರ ಹೆಂಡತಿ. ನಮ್ಮವರು ಮೂವತ್ತು ವರ್ಷ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಎಂದು ಇದೇ ನಾಲ್ಕು ಊರುಗಳ ನಡುವೆ ಗಂಟೆ ಹೊಡೆದವರು. ದಾರಿಯೆಂದರೆ ಅವರಿಗೆ ಕಿಲೋಮೀಟರಲ್ಲ, ಸ್ಟೇಜು. ಯಾವ ಸ್ಟೇಜಿನಲ್ಲಿ ಯಾರು ಹತ್ತುತ್ತಾರೆ, ಯಾವ ಮುದುಕಿ ಸೆರಗಿನ ಗಂಟು ಬಿಚ್ಚಲು ಎಷ್ಟು ಹೊತ್ತು ಮಾಡುತ್ತಾಳೆ, ಯಾವ ಕ್ರಾಸಿನಲ್ಲಿ ಆಡುಮರಿ ಹಿಡಿದವನು ಬಸ್ಸು ನಿಲ್ಲಿಸಿ ಜಗಳ ತೆಗೆಯುತ್ತಾನೆ ಎಂಬುದೆಲ್ಲ ಸೇರಿದರೇ ಅವರಿಗೆ ಒಂದು ದೂರ. ಅವರು ಟಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಫೋನಿನಲ್ಲಿ ಯಾರನ್ನೋ ಕೇಳಿ, ಆಕಾಶದ ದಾರಿ ಸಾವಿರದ ನೂರು ಕಿಲೋಮೀಟರಿಗೂ ಮೇಲೆ ಎಂದು ತಿಳಿದುಕೊಂಡರು.

"ಅಷ್ಟುದ್ದ ದಾರಿಯಾಗ ಒಂದೂ ಸ್ಟೇಜ್ ಇಲ್ಲಲೇ," ಎಂದರು ಕೊನೆಗೆ. "ಇಂಥಾ ಗಾಡ್ಯಾಗ ಕಂಡಕ್ಟರ್ ಏನ್ ಮಾಡ್ತಾನ, ಪಾಪ."

ಕೊಟ್ಟೂರಿನಿಂದ ಬೆಂಗಳೂರಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರಿಗೆ ರಾತ್ರಿಯಿಡೀ ಬಸ್ಸು, ಅಲ್ಲಿಂದ ಅದರ ಮೂರೂವರೆ ಪಟ್ಟು ದೂರಕ್ಕೆ ಎರಡೇ ತಾಸು! ಈ ಲೆಕ್ಕ ನನಗೆ ಈಗಲೂ ಪೂರ್ತಿ ಒಪ್ಪಿಗೆಯಾಗಿಲ್ಲ. ನಮ್ಮ ಕಡೆ ದೂರವೆಂಬುದು ನೆಲದ ಮೇಲೆ ಮಲಗಿರುವ ವಸ್ತುವಲ್ಲ, ಮನುಷ್ಯರ ಮೈಯೊಳಗೆ ಇರುವಂಥದ್ದು. ಸೀಟು ಸಿಕ್ಕರೆ ಕೂಡ್ಲಿಗಿ ಹತ್ತಿರ, ಸಿಗದಿದ್ದರೆ ದೂರ. ಕೋರ್ಟಿಗೆ ಹೋಗುವವರಿಗೆ ಹಗರಿಬೊಮ್ಮನಹಳ್ಳಿ ಮುಗಿಯದ ದಾರಿ, ತವರಿಗೆ ಹೋಗುವವಳಿಗೆ ಅದೇ ಹಗರಿಬೊಮ್ಮನಹಳ್ಳಿ ಒಂದು ಎಲೆ ಅಡಿಕೆಯ ದಾರಿ. ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವ ಹೆಣ್ಣುಮಕ್ಕಳನ್ನು ನೋಡಿ. ದೂರದ ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಹೂವು ಯಾವ ಊರಿಗೆ ಹೋಗುತ್ತದೆ, ಬಸ್ಸು ಅಲ್ಲಿಗೆ ಯಾವಾಗ ಮುಟ್ಟುತ್ತದೆ ಎಂದು ಕೇಳಿಕೊಂಡು ಅದಕ್ಕೆ ತಕ್ಕ ಮೊಗ್ಗನ್ನೇ ಬಿಡಿಸುತ್ತಾರೆ. ಹತ್ತಿರದ ಊರಿಗೆ ಬಿರಿಯಲು ಬಂದದ್ದು, ದೂರದ ಊರಿಗೆ ಇನ್ನೂ ಬಿಗಿಯಾಗಿರುವುದು. ಇಲ್ಲಿ ಮುಚ್ಚಿಕೊಂಡು ಹೊರಟ ಹೂವು ಅಲ್ಲಿ ಯಾರದೋ ಮುಡಿಯಲ್ಲಿ ಕಣ್ಣು ಬಿಡುತ್ತದೆ. ಯಾವ ಗಡಿಯಾರವನ್ನೂ ನೋಡದೆ ಇಷ್ಟು ಸರಿಯಾದ ಲೆಕ್ಕ ಹಿಡಿಯುವವರು ನಮ್ಮ ಪಕ್ಕದಲ್ಲೇ ಇರುವಾಗ, ಹತ್ತು ನಿಮಿಷದ ಹೆಚ್ಚುಗಾರಿಕೆ ಬರೀ ವಿಮಾನದವರದೇ ಎಂದು ನಾನೇಕೆ ತಿಳಿದೆನೋ!

ಇನ್ನು ನಾನು ಯಾಕೆ ಹೊರಟೆ ಎಂದು ಹೇಳುತ್ತೇನೆ. ನನ್ನ ತಂಗಿ ಸುವರ್ಣ, ನಮ್ಮೆಲ್ಲರ ಬಾಯಲ್ಲಿ ಸುವ್ವಿ, ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಅವಳಿಗೆ ನಾಲ್ಕು ತುಂಬುವ ಮೊದಲೇ ಅವ್ವ ತೀರಿಕೊಂಡಳು. ಹರಪನಹಳ್ಳಿ ಬಳಿಯ ತೆಲಿಗಿ ನಮ್ಮ ತವರು. ಅಲ್ಲಿ ಅವಳ ತಲೆ ಬಾಚಿದ್ದು, ಅನ್ನ ಕಲಸಿದ್ದು ಎಲ್ಲ ನನ್ನ ಕೈ. ಮದುವೆಯಾಗಿ ಹದಿಮೂರು ವರ್ಷಕ್ಕೆ, ಬ್ಯಾಂಕಿನ ಕೆಲಸದಲ್ಲಿರುವ ಗಂಡನಿಗೆ ಭುವನೇಶ್ವರಕ್ಕೆ ವರ್ಗವಾದ ಮೇಲೆ, ಮೂರನೆಯ ಸಲ ಬಸುರಿಯಾದಳು. ಮೊದಲಿನ ಎರಡೂ ನಿಲ್ಲಲಿಲ್ಲ. ಈ ಸಲ ಏಳನೆಯ ತಿಂಗಳ ತನಕ ಬಂದಿದ್ದಳು, ಸ್ವಾಮಿಯ ದಯೆ. ಆದರೆ ಡಾಕ್ಟರು ಹಾಸಿಗೆ ಬಿಟ್ಟು ಹೆಚ್ಚು ಓಡಾಡಬೇಡ, ಪ್ರಯಾಣದ ಮಾತಂತೂ ಬೇಡವೇ ಬೇಡ ಎಂದಿದ್ದರು.

ನಮ್ಮಲ್ಲಿ ಬಸುರಿಗೆ ತವರಿನವರು ಕುಬಸ, ಅಂದರೆ ಸೀಮಂತ, ಮಾಡಬೇಕು. ಹಸಿರು ಸೀರೆ, ಹಸಿರು ಬಳೆ, ರವಿಕೆಯ ಕಣ, ಮನೆಯಲ್ಲಿ ಕಟ್ಟಿದ ಬುತ್ತಿ, ಎಲ್ಲಕ್ಕೂ ಮಿಗಿಲಾಗಿ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವುದು. ಅದು ಬೆಸ ತಿಂಗಳಿನಲ್ಲೇ ಆಗಬೇಕು. ಐದರಲ್ಲಿ ಸುವ್ವಿ ಒಪ್ಪಲಿಲ್ಲ. ಹೆರಿಗೆ ಬೇಗನೆ ಆಗಬಹುದೆಂದು ಡಾಕ್ಟರು ಹೇಳಿದ್ದರಿಂದ ಒಂಬತ್ತನ್ನು ನೆಚ್ಚುವಂತಿರಲಿಲ್ಲ. ಏಳು ಮುಗಿಯಲು ಹದಿನಾಲ್ಕು ದಿನ ಉಳಿದಾಗ ನಾನು ಫೋನು ಮಾಡಿ ಕೇಳಿದೆ.

"ಕೂಸು ಕೈಗೆ ಬರ್ಲಿ ಅಕ್ಕಾ," ಎಂದಳು. "ಎರಡು ಸಲ ಮೊದ್ಲ ಹಿಗ್ಗಿ ಆಮ್ಯಾಲೆ ಅತ್ತೀನಿ. ಕುಬಸ ಬ್ಯಾಡ. ನೀ ಬರೋದಿದ್ರ ಸುಮ್ನ ಬಾ."

ನಾನು ವಾದ ಮಾಡಲಿಲ್ಲ. ಸುಮ್ಮನೆ ಬಾ ಎಂದವಳ ಮನೆಗೆ ಸುಮ್ಮನೆ ಹೋಗಲು ನನ್ನಿಂದ ಆಗಲೂ ಇಲ್ಲ. ರೈಲಿನಲ್ಲಾದರೆ ಕೊಟ್ಟೂರಿನಲ್ಲಿ ಹತ್ತಿ, ನಡುವೆ ಇಳಿದು ಹತ್ತಿ, ಎರಡು ದಿನವಾದರೂ ಬೇಕು. ಬುತ್ತಿಯ ಮೊಸರನ್ನ ಅಷ್ಟರಲ್ಲಿ ನನಗೇ ಶಾಪ ಹಾಕುತ್ತಿತ್ತು. ಅದಕ್ಕೇ ಮಂಜುನಾಥ ಆ ತಿಂಗಳ ಕೊನೆಯ ಸೋಮವಾರಕ್ಕೆ ವಿಮಾನದ ಟಿಕೇಟು ತೆಗೆಸಿದ್ದು. ಉಡಿಯ ಸಾಮಾನನ್ನು ಮಾತ್ರ ನಾನು ಬೇರೆ ಚೀಲದಲ್ಲಿ ಕೈಯಲ್ಲೇ ಹಿಡಿದುಕೊಂಡೆ. ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು, ಅಡಿಕೆ, ಐದು ಕೊಬ್ಬರಿ ಬಟ್ಟಲು. ಬಟ್ಟಲುಗಳನ್ನು ಸಂತೆಯಲ್ಲಿ ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿ, ಸೀಳಿಲ್ಲದ್ದು, ಬೂಷ್ಟಿಲ್ಲದ್ದು ಎಂದು ಆರಿಸಿದ್ದೆ. ತವರಿನ ಉಡಿಯಲ್ಲಿ ಒಡಕು ಬಟ್ಟಲು ಹೋಗಬಾರದು ಎಂಬುದು ನಮ್ಮ ಹಿರಿಯರ ನಂಬಿಕೆ, ನನ್ನದೂ.

ನಮ್ಮವರು ನನ್ನನ್ನು ವಿಮಾನ ಹತ್ತಿಸಲು ಬೆಂಗಳೂರಿನ ತನಕ ಬಂದರು. ದಾರಿಯುದ್ದಕ್ಕೂ ಉಪದೇಶ. ಬಾಗಿಲು ತೆರೆದ ಕೂಡಲೇ ಕಿಟಕಿಯ ಸೀಟಿಗೆ ಟವೆಲ್ಲು ಹಾಕಿಬಿಡು, ಮುಂದಿನ ಬಾಗಿಲಲ್ಲಿ ನೂಕು ಹೆಚ್ಚಿರುತ್ತದೆ, ಹಿಂದಿನ ಬಾಗಿಲಿನಿಂದ ಹತ್ತು ಎಂದೆಲ್ಲ. ಆದರೆ ನಿಲ್ದಾಣದ ಬಾಗಿಲಲ್ಲೇ ಬಂದೂಕು ಹಿಡಿದವನೊಬ್ಬ ನನ್ನ ಕುಂಕುಮದ ಕಾಗದವನ್ನು ಎರಡೂ ಮಗ್ಗುಲು ನೋಡಿ ನನ್ನನ್ನು ಒಳಗೆ ಬಿಟ್ಟು, ಅವರನ್ನು ತಡೆದ. ಟಿಕೇಟಿಲ್ಲದವರು ಒಳಗೆ ಹೋಗುವಂತಿಲ್ಲವಂತೆ. ಮೂವತ್ತು ವರ್ಷ ಜಗತ್ತನ್ನೆಲ್ಲ ಟಿಕೇಟು ಟಿಕೇಟು ಎಂದು ಕೇಳಿದ ಮನುಷ್ಯ ಟಿಕೇಟಿಲ್ಲದೆ ಹೊರಗೆ ನಿಂತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ನಗು ಬಂತು. ಗಾಜಿನಾಚೆಯಿಂದ ಎರಡು ಬೆರಳೆತ್ತಿ, ಗಂಟೆಯ ಹಗ್ಗ ಎಳೆಯುವಂತೆ ಎರಡು ಸಲ ಗಾಳಿಯಲ್ಲಿ ಎಳೆದರು. ಅವರ ಭಾಷೆಯಲ್ಲಿ ಅದಕ್ಕೆ 'ರೈಟ್, ಹೋಗಲಿ' ಎಂದು ಅರ್ಥ.

ಒಳಗೆ ಸಾಲು ಸಾಲು ಕೌಂಟರುಗಳು. ನನ್ನ ಸರದಿ ಬಂದಾಗ ಅಲ್ಲಿದ್ದ ಹುಡುಗಿ ದೊಡ್ಡ ಚೀಲವನ್ನು ತೂಗಿ, ಒಂದು ಚಿತ್ರದ ಹಲಗೆಯನ್ನು ನನ್ನ ಮುಂದಿಟ್ಟು, ಇದರಲ್ಲಿರುವುದು ಯಾವುದಾದರೂ ನಿಮ್ಮ ಹತ್ತಿರ ಇದೆಯೇ ಎಂದು ಕೇಳಿದಳು. ಬೆಂಕಿಪೆಟ್ಟಿಗೆ, ಪಟಾಕಿ, ಬ್ಯಾಟರಿ ಎಂದು ನೋಡುತ್ತ ಹೋದ ನನ್ನ ಕಣ್ಣು ಒಂದು ಚಿತ್ರದ ಮೇಲೆ ನಿಂತುಬಿಟ್ಟಿತು. ಕೊಬ್ಬರಿ. ಪಟಾಕಿಯ ಪಕ್ಕದಲ್ಲಿ, ಕಳ್ಳರ ಸಾಲಿನಲ್ಲಿ ನಿಂತ ಗರತಿಯ ಹಾಗೆ, ಕೊಬ್ಬರಿ! ಆ ಹುಡುಗಿ ನನ್ನ ಕೈಚೀಲವನ್ನು ನೋಡಿಯೂ ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ, ನನಗೆ ಗೊತ್ತಿಲ್ಲ. ಆದರೆ ಸ್ವಾಮಿಯ ವಾರವಾದ ಸೋಮವಾರದ ದಿನ, ಉಡಿಯನ್ನು ಕೈಯಲ್ಲಿ ಹಿಡಿದುಕೊಂಡು, ಇಲ್ಲವೆನ್ನಲು ನಾಲಿಗೆ ಬರಲಿಲ್ಲ. ಗಂಟು ಬಿಚ್ಚಿ ತೋರಿಸಿದೆ. ಅವಳು ಮೃದುವಾಗಿಯೇ ಹೇಳಿದಳು. ಒಣಕೊಬ್ಬರಿಯಲ್ಲಿ ಎಣ್ಣೆ ಬಹಳ, ಕಾವಿಗೆ ಹೊತ್ತಿಕೊಳ್ಳಬಹುದು. ಕೈಚೀಲದಲ್ಲೂ ಇಲ್ಲ, ದೊಡ್ಡ ಚೀಲದಲ್ಲೂ ಇಲ್ಲ. ಯಾರಿಗಾದರೂ ಕೊಟ್ಟು ಬನ್ನಿ, ಇಲ್ಲವೇ ಅಲ್ಲಿರುವ ಡಬ್ಬಿಗೆ ಹಾಕಿ ಎಂದಳು.

ನಮ್ಮವರಿಗೆ ಫೋನು ಮಾಡಿದರೆ ಅವರು ಆಗಲೇ ಊರ ಕಡೆಯ ಬಸ್ಸು ಹಿಡಿಯಲು ಹೊರಟು ಅರ್ಧ ದಾರಿಯಲ್ಲಿದ್ದರು. ಡಬ್ಬಿಗೆ ಹಾಕುವುದೇ? ಉಡಿಗೆಂದು ಕಟ್ಟಿದ್ದನ್ನು ಕಸಕ್ಕೆ ಹಾಕುವುದೇ? ಬಟ್ಟಲುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಯ ಮೇಲೆ ಕೂತೆ. ಎದುರಿಗೆ ನೆಲ ಒರೆಸುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಗೊಣಗಾಟ ಕೇಳಿ ಕೋಲು ನಿಲ್ಲಿಸಿದಳು. ನಮ್ಮದೇ ವಯಸ್ಸು, ಕಂಪನಿಯ ಪ್ಯಾಂಟು ಅಂಗಿ, ಹಣೆಯಲ್ಲಿ ವಿಭೂತಿಯ ತೆಳು ಗೆರೆ.

"ಯಾವೂರ್ರಿ ಅಕ್ಕಾರ?" ಎಂದಳು.

ಕೊಟ್ಟೂರು ಎಂದೆ, ತವರು ತೆಲಿಗಿ ಎಂದೆ. ಅವಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವಳದು ನಮ್ಮ ಹರಪನಹಳ್ಳಿ ಸೀಮೆಯ ಚಿಗಟೇರಿ. ಅಷ್ಟು ದೊಡ್ಡ ನಿಲ್ದಾಣದಲ್ಲಿ, ಅಷ್ಟು ದೇಶದ ಜನರ ನಡುವೆ, ಸ್ವಾಮಿ ನನಗೆ ಚಿಗಟೇರಿಯವಳನ್ನು ತೋರಿಸಿದ! ಎರಡು ನಿಮಿಷದಲ್ಲಿ ಅವಳ ಕಥೆಯೆಲ್ಲ ನನಗೆ, ನನ್ನ ಕಥೆಯೆಲ್ಲ ಅವಳಿಗೆ ತಿಳಿಯಿತು. ಅವಳ ಮಗಳು ದೇವನಹಳ್ಳಿಯ ಬಾಡಿಗೆ ಮನೆಯಲ್ಲಿ ಅವಳ ಜೊತೆಗೇ ಇದ್ದಾಳೆ, ಐದು ತಿಂಗಳ ಬಸುರಿ. ಕುಬಸಕ್ಕೆ ರಜೆ ಸಿಗುವುದು ಕಷ್ಟ ಎಂದು ತಾಯಿ ಪೇಚಾಡುತ್ತಿದ್ದಳು.

ನಾನು ಇನ್ನೇನೂ ಯೋಚಿಸಲಿಲ್ಲ. "ಮಗಳ ಸಲುವಾಗಿ ಉಡಿ ಒಡ್ಡು, ತಂಗಿ," ಎಂದೆ.

"ಈ ಪ್ಯಾಂಟಿಗೆ ಎಲ್ಲಿ ಉಡಿ ತರ್ಲಿ ಅಕ್ಕಾರ," ಎಂದು ನಕ್ಕಳು. ಆಮೇಲೆ ಅಂಗಿಯ ಮೇಲೆ ಕಟ್ಟಿದ್ದ ಏಪ್ರನ್ನಿನ ಎರಡು ಅಂಚು ಹಿಡಿದು ಒಡ್ಡಿದಳು. ಐದು ಬಟ್ಟಲನ್ನೂ, ಒಂದು ಬೊಗಸೆ ಅಕ್ಕಿಯನ್ನೂ ಅದಕ್ಕೆ ಹಾಕಿದೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಯಾರೋ ಕರೆದರು, ಅವಳು ಎದ್ದು ಹೋದಳು, ನಾನೂ ಎದ್ದೆ.

ವಿಮಾನದೊಳಗೆ ಟವೆಲ್ಲಿನ ಅಗತ್ಯ ಬೀಳಲಿಲ್ಲ. ನನ್ನ ಸೀಟು ನಡುವಿನದು. ಕಿಟಕಿಯ ಬಳಿ ಕೂತಿದ್ದ ಒಡಿಯಾ ಮಾತಿನ ಹಿರಿಯರೊಬ್ಬರು ನನ್ನ ಕತ್ತು ಹೊರಳುವುದನ್ನು ನೋಡಿ ತಾವೇ ಎದ್ದು ಜಾಗ ಬಿಟ್ಟರು. ನನಗೊಂದು ಅಭ್ಯಾಸವಿದೆ. ದಿನದಲ್ಲಿ ಆದ ಉಪಕಾರಗಳನ್ನು ಬೆರಳ ಗೆಣ್ಣುಗಳ ಮೇಲೆ ಎಣಿಸಿ ಸ್ವಾಮಿಗೆ ಒಪ್ಪಿಸುವುದು. ಅಂದು ಮಧ್ಯಾಹ್ನವಾಗುವ ಮೊದಲೇ ಒಂದು ಕೈ ತುಂಬಿಹೋಗಿತ್ತು. ಕೆಳಗೆ ಮೋಡಗಳು ಆಗತಾನೇ ಹಿಂಜಿದ ಅರಳೆಯ ಹಾಗೆ ಹರಡಿದ್ದವು. ಆದರೆ ಒಂದು ಯೋಚನೆ ಮಾತ್ರ ಎದೆಯಲ್ಲಿ ತೆರೆದೇ ಕೂತಿತ್ತು. ಮೊದಲೇ ಕುಬಸ ಬೇಡವೆಂದವಳಿಗೆ, ತಂದ ಉಡಿಯಲ್ಲಿ ಕೊಬ್ಬರಿಯೇ ದಾರಿಯಲ್ಲಿ ಹೋಯಿತು ಎಂದು ಹೇಗೆ ಹೇಳುವುದು? ಅಪಶಕುನವೆಂದು ಅವಳು ಮುಖ ತಿರುಗಿಸಿದರೆ, ಇಡೀ ಏಳು ತಿಂಗಳ ಧೈರ್ಯವನ್ನು ನಾನೇ ಹೋಗಿ ಕೆಡವಿದಂತಾಗುವುದಿಲ್ಲವೇ?

ಉಪಾಯ ಕಷ್ಟದ್ದೇನೂ ಅಲ್ಲ. ಕರೆದೊಯ್ಯಲು ಬರುವ ಮಂಜುನಾಥನಿಗೆ ಹೇಳಿ ದಾರಿಯಲ್ಲಿ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಐದು ಬಟ್ಟಲು ಕೊಂಡು ಅವ್ವನ ಸೀರೆಯ ತುಂಡಿನಲ್ಲಿ ಕಟ್ಟಿದರೆ, ಅವು ಕೊಟ್ಟೂರಿನ ಸಂತೆಯವಲ್ಲ ಎಂದು ಯಾರು ಹೇಳುತ್ತಾರೆ? ಒಳ್ಳೆಯದಕ್ಕಾಗಿ ಆಡುವ ಸಣ್ಣ ಸುಳ್ಳು. ಇಂಥ ಸುಳ್ಳನ್ನು ನಾನು ಸುವ್ವಿಗೆ ಹಿಂದೊಮ್ಮೆ ಹೇಳಿದ್ದೆ. ಅವ್ವ ಹೋದ ದಿನ, ಅವ್ವ ಎಲ್ಲಿ ಎಂದು ಕೇಳಿದ ಮಗುವಿಗೆ, ಹರಪನಹಳ್ಳಿ ಸಂತೆಗೆ ಹೋಗಿದ್ದಾಳೆ, ಬಸ್ಸಿಗೆ ಬರುತ್ತಾಳೆ ಎಂದುಬಿಟ್ಟೆ. ಹದಿನೆಂಟು ವರ್ಷದವಳಿಗೆ ಆ ಗಳಿಗೆಯಲ್ಲಿ ಬೇರೆ ಮಾತು ಹೊಳೆಯಲಿಲ್ಲ. ಸುವ್ವಿ ಅವತ್ತಿನಿಂದ ದಿನಾ ಸಂಜೆ ತೆಲಿಗಿಯ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಹೋಗಿ ಕೂರತೊಡಗಿದಳು. ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡಿ, ಬಸ್ಸು ಖಾಲಿಯಾದ ಮೇಲೆ ನನ್ನ ಕಡೆ ತಿರುಗಿ, ಹರಪನಹಳ್ಳಿ ಎಷ್ಟು ದೂರ ಐತಿ ಅಕ್ಕಾ ಎಂದು ಕೇಳುತ್ತಿದ್ದಳು. ಅರ್ಧ ತಾಸಿನ ದಾರಿ ಅದು. ಅವಳು ಕಾಯ್ದದ್ದು ಒಂದಿಡೀ ಬೇಸಿಗೆ. ಮುಂದೆ ಅವಳಿಗೇ ತಿಳಿಯಿತು. ಅವಳು ಆಮೇಲೆ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ನೀವೇ ಹೇಳಿ, ಊರಿಂದೂರಿಗೆ ಎಷ್ಟು ಹೊತ್ತೆಂದು ಕಾಗದದ ಮೇಲೆ ಬರೆಯುವವರಿಗೆ ಇಂಥ ದಾರಿಗಳು ಗೊತ್ತೇ? ಕಟ್ಟೆಯ ಮೇಲೆ ಕೂತ ಮಗುವಿನಿಂದ ಅವಳ ಅವ್ವನ ತನಕ ಎಷ್ಟು ದೂರ? ತಂಗಿಯ ಗರ್ಭದಲ್ಲಿರುವ ಕೂಸಿಗೂ ಅವಳ ಕೈಗೂ ನಡುವೆ ಇರುವುದು ಒಂದು ಗೇಣು ಮಾತ್ರ, ಆ ಗೇಣಿನ ದಾರಿಗೆ ತಿಂಗಳು ಒಂಬತ್ತು, ಸುವ್ವಿಯ ಲೆಕ್ಕದಲ್ಲಿ ಹದಿಮೂರು ವರ್ಷ. ಅದಕ್ಕೆ ರೆಕ್ಕೆ ಕಟ್ಟಿ ಬೇಗ ಮುಟ್ಟಿಸುವ ಯಂತ್ರವನ್ನು ಯಾರೂ ಮಾಡಿಲ್ಲ, ಮಾಡುವುದೂ ಬೇಡ. ವಿಮಾನ ಇಳಿಯುವ ಹೊತ್ತಿಗೆ ನನ್ನ ಮನಸ್ಸೂ ನೆಲಕ್ಕೆ ಬಂದಿತ್ತು. ಗಾಡಿಯಲ್ಲಿ ಹೋಗುವಾಗ ಎರಡು ಕಿರಾಣಿ ಅಂಗಡಿ ಹಿಂದೆ ಸರಿದವು. ನಾನು ಮಂಜುನಾಥನಿಗೆ ನಿಲ್ಲಿಸು ಎನ್ನಲಿಲ್ಲ.

ಸುವ್ವಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಮುಖ ತುಂಬಿಕೊಂಡಿತ್ತು, ಕಣ್ಣು ಮಾತ್ರ ಎಚ್ಚರದ್ದು, ಸಪ್ಪಳಕ್ಕೆ ಕಿವಿ ನಿಮಿರಿಸಿಕೊಂಡ ಹಸುವಿನಂತೆ. ಬುತ್ತಿ ಬಿಚ್ಚಿದೆ, ಮೊಸರನ್ನ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಕರ್ಚಿಕಾಯಿ. ಎರಡು ತುತ್ತು ತಿಂದಳು. ಆಮೇಲೆ ಅವಳ ಕಣ್ಣು ಇಳಕಲ್ ಸೀರೆಯ ಗಂಟಿನ ಮೇಲೆ ಹೋಯಿತು. ಅವ್ವನ ಸೀರೆಯೆಂದು ಗುರುತು ಹಿಡಿದು ಮೆಲ್ಲಗೆ ಮುಟ್ಟಿ ಕೈ ಹಿಂದೆ ತೆಗೆದಳು. "ಬ್ಯಾಡ ಅಂದಿದ್ದೆ ಅಲ್ಲಕ್ಕಾ," ಎಂದಳು.

ನಾನು ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹಲಗೆಯ ಮೇಲಿನ ಚಿತ್ರ, ಹುಡುಗಿಯ ಮಾತು, ಚಿಗಟೇರಿಯವಳು, ಅವಳ ಏಪ್ರನ್ನು, ಐದು ತಿಂಗಳ ಮಗಳು. ಇದರಲ್ಲಿ ಕೊಬ್ಬರಿ ಇಲ್ಲ ಸುವ್ವಿ, ಅಂಗಡಿಯಲ್ಲಿ ಬೇರೆ ಕೊಂಡು ಊರಿನದೆಂದು ಹೇಳುವ ಮನಸ್ಸೂ ಬಂದಿತ್ತು, ಹೇಳಲಿಲ್ಲ ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು.

"ಆಕಿ ಮಗಳಿಗೆ ಇದು ಮೊದಲನೇದೇನು?"

"ಕೇಳಲಿಲ್ಲವ್ವಾ."

"ಊರು ಕೇಳಿದಿ, ಕೇರಿ ಕೇಳಿದಿ, ಮುಖ್ಯದ್ದ ಬಿಟ್ಟು ಬಂದಿ." ಅವಳ ತುಟಿಯ ಕೊನೆ ಒಂದು ಎಳೆಯಷ್ಟು ಸಡಿಲಾಯಿತು. ಆಮೇಲೆ ನನ್ನನ್ನಲ್ಲ, ತನ್ನ ಹೊಟ್ಟೆಯನ್ನು ನೋಡುತ್ತ ಹೇಳಿದಳು. "ನನ್ನ ಉಡೀದು ಇನ್ನೊಬ್ಬ ಬಸುರಿ ಉಡಿಗೆ ಹೋಗೈತಿ. ಈಗ ನಾ ಬ್ಯಾಡ ಅಂದ್ರ, ಆ ಹುಡುಗಿಗೂ ಬ್ಯಾಡ ಅಂದಂಗ ಆಕ್ಕೈತಿ. ಅದು ನನ್ನ ಬಾಯಿಂದ ಬರೂದಿಲ್ಲಕ್ಕಾ."

ಹಾಗೆಂದವಳು ಬೆನ್ನು ನೆಟ್ಟಗೆ ಮಾಡಿ, ಸೆರಗನ್ನು ಮುಂದಕ್ಕೆ ತಂದು, ಎರಡೂ ಕೈಯಲ್ಲಿ ಅಂಚು ಹಿಡಿದು ಒಡ್ಡಿದಳು. ನಾನು ಸ್ವಾಮಿಯ ಹೆಸರು ಹೇಳಿ ಒಂದು ಬೊಗಸೆ ಅಕ್ಕಿ ಹಾಕಿದೆ, ಎರಡು ಹಾಕಿದೆ, ಉತ್ತತ್ತಿ ಅಡಿಕೆ ಅರಿಷಿಣದ ಕೊಂಬನ್ನು ಇಟ್ಟು ಮೂರನೆಯದನ್ನು, ನಾಲ್ಕನೆಯದನ್ನು ಹಾಕಿದೆ. ಐದನೆಯ ಬೊಗಸೆಗೆ ಅವಳು ಒಮ್ಮೆಲೇ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಅಕ್ಕಿ ಬೊಗಸೆಯಲ್ಲೇ ಉಳಿಯಿತು.

ಅವಳು ತಲೆಯೆತ್ತಿದಾಗ ಮುಖದ ತುಂಬ ನಗುವಿತ್ತು.

"ನಿಧಾನ ಹಾಕಕ್ಕಾ," ಎಂದಳು. "ಒಳಗಿಂದು ಎದ್ದು ಕುಂತೈತಿ."